ಹೊಳೆಯನ್ನು ಒಪ್ಪದ ನಕಾಶೆ

ಭೂಮಾಪಕರ ಸಾಮಾನು ಹೊತ್ತಿದ್ದ ಕತ್ತೆಯೊಂದು ಹೊಳೆಯ ದಡದಲ್ಲಿ ಥಟ್ಟನೆ ನಿಂತುಬಿಟ್ಟಿತು. ಬೆನ್ನ ಮೇಲಿನ ಚೀಲದಿಂದ ಆ ಕಣಿವೆಯ ಹಳೆಯ ನಕಾಶೆ ತಲೆ ಹೊರಹಾಕಿ, "ಏಕೆ ನಿಂತೆ? ಇಲ್ಲಿ ಮೊಣಕಾಲುದ್ದ ನೀರು, ನಡೆ" ಎಂದು ಗದರಿತು.

"ಆಳವಾಗಿ ಕಾಣುತ್ತದೆ, ಸ್ವಾಮಿ. ತಾವು ಹುಟ್ಟಿದ್ದು ಯಾವಾಗ?" ಎಂದಿತು ಕತ್ತೆ.

"ಐವತ್ತಾರನೇ ಇಸವಿಯಲ್ಲಿ. ಸರ್ಕಾರದ ಮುದ್ರೆಯಿದೆ!"

"ಆಮೇಲೆ ಹೊಳೆ ಎರಡು ಸಲ ದಾರಿ ಬದಲಿಸಿದೆ."

"ಯಾರನ್ನು ಕೇಳಿ ಬದಲಿಸಿತು? ನಡೆ ಎಂದರೆ ನಡೆ!"

ಮುದ್ರೆಗೆ ಹೆದರಿ ಕತ್ತೆ ನೀರಿಗಿಳಿಯಿತು. ನಾಲ್ಕೇ ಹೆಜ್ಜೆಗೆ ನೀರು ಕುತ್ತಿಗೆ ಮುಟ್ಟಿತು, ಚೀಲ ಮುಳುಗಿತು. ಕತ್ತೆ ಒದ್ದಾಡಿಕೊಂಡು ಹೇಗೋ ಮರಳಿ ದಡ ಸೇರಿತು.

ಬಣ್ಣ ಕದಡಿ ಊರು, ಗುಡ್ಡಗಳೆಲ್ಲ ನೀಲಿಯಾಗಿದ್ದ ನಕಾಶೆ ಬೇಲಿಯ ಮೇಲೆ ಒಣಗುತ್ತ ಹೇಳಿತು: "ನಾನು ಸರಿಯಾಗಿಯೇ ಇದ್ದೇನೆ. ಆ ಹೊಳೆಯನ್ನು ತಿದ್ದಬೇಕು."