ಚೌಕಟ್ಟು ಮತ್ತು ಗೆದ್ದಲು

ಮೋಡ ಕವಿದ ಒಂದು ಮಧ್ಯಾಹ್ನ, ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಹುಲ್ಲುಗಾವಲಿನಲ್ಲಿ ಮರದ ಚೌಕಟ್ಟೊಂದನ್ನು ಇಟ್ಟು, ಅದರೊಳಗಿದ್ದ ಹುಲ್ಲು, ಹುಳುಗಳನ್ನೆಲ್ಲ ಎಣಿಸಿ ಬರೆದುಕೊಂಡರು. ಹೋಗುವಾಗ ಚೌಕಟ್ಟನ್ನು ಅಲ್ಲೇ ಮರೆತರು.

ಚೌಕಟ್ಟಿಗೆ ಜೊಂಪು ಹತ್ತುವ ಹೊತ್ತಿಗೆ ಗೆದ್ದಲೊಂದು ಅದರ ಅಂಚನ್ನು ಹತ್ತಿ ಇಳಿಯತೊಡಗಿತು.

“ನಿಲ್ಲು! ನೀನು ಒಳಗಿನವಳೋ, ಹೊರಗಿನವಳೋ?” ಎಂದು ಚೌಕಟ್ಟು ಗದರಿತು.

“ಎರಡೂ ಅಲ್ಲ ಸ್ವಾಮಿ, ನಾನು ಓಡಾಡುವವಳು. ಆಚೆ ಒಣಗಿ ಬಿದ್ದ ಕಡ್ಡಿಯನ್ನು ಈಚೆಯ ಮಣ್ಣಿಗೆ ಸೇರಿಸುತ್ತೇನೆ. ಈ ಹುಲ್ಲು ಬೆಳೆದದ್ದು ಅದರಿಂದಲೇ.”

“ಓಡಾಡುವವರಿಗೆ ಪಟ್ಟಿಯಲ್ಲಿ ಜಾಗವಿಲ್ಲ. ನನ್ನೊಳಗೆ ನಿಂತದ್ದಷ್ಟೇ ಹುಲ್ಲುಗಾವಲು,” ಎಂದು ಹೇಳಿ ಚೌಕಟ್ಟು ನಿದ್ದೆಹೋಯಿತು.

ತಾನು ಪುಡಿಪುಡಿಯಾಗಿ, ಹಗುರಾಗಿ, ಸಾವಿರ ಸಣ್ಣ ಬಾಯಿಗಳಲ್ಲಿ ಮಣ್ಣಿನೊಳಗೆ ಇಳಿಯುತ್ತಿರುವಂತೆ ಅದಕ್ಕೆ ಕನಸು ಬಿತ್ತು. ಎಚ್ಚರವಾದಾಗ ಮಳೆಗಾಲ ಕಳೆದಿತ್ತು. ಮೈಯೆಲ್ಲ ಹಸಿರಾಗಿತ್ತು, ಗಾಳಿ ಬಂದರೆ ಬಾಗುತ್ತಿತ್ತು. ಚೌಕಟ್ಟು ಈಗ ಹುಲ್ಲಾಗಿತ್ತು.

ಮರುವರ್ಷ ವಿದ್ಯಾರ್ಥಿಗಳು ಹೊಸ ಚೌಕಟ್ಟು ತಂದು ಅಲ್ಲೇ ಇಟ್ಟರು. ಗೆದ್ದಲು ಅದರ ಅಂಚನ್ನೂ ಹತ್ತಿತು.

“ನಿಲ್ಲು! ಒಳಗಿನವಳೋ, ಹೊರಗಿನವಳೋ?” ಎಂದು ಹೊಸ ಚೌಕಟ್ಟು ಗದರಿತು.

“ತಮ್ಮಾ,” ಎಂದಿತು ಹುಲ್ಲು, “ಅವಳ ಹೆಸರನ್ನೇ ಮೊದಲು ಬರೆಸು. ಹೋದ ವರ್ಷ ನಾನೂ ಚೌಕಟ್ಟಾಗಿದ್ದೆ.”