ಉಳಿಯವ್ವನ ಬಂಡೆ

ಕರೆಗುಂಡಿ ಊರಾಚೆಗೆ ಒಂದು ಬೋಳು ಗುಡ್ಡವಿದೆ. ನೆತ್ತಿಯಲ್ಲಿ ಬಂಡೆಯೊಳಗೇ ನೀರು ನಿಂತ ದೊಣೆ. ಬುಡದಿಂದ ಅಲ್ಲಿಯವರೆಗೆ, ಇಳಿಜಾರಿನ ಉದ್ದಕ್ಕೂ, ಒಂದು ಮಾರು ಅಗಲಕ್ಕೆ, ಸಿಡುಬಿನ ಕಲೆಗಳಂತೆ ಉಳಿಯ ಗುರುತುಗಳು. ಇದನ್ನು ಉಳಿಯವ್ವನ ಬಂಡೆ ಎನ್ನುತ್ತಾರೆ. ಯಾವ ಅರಸನೂ ಕಡೆಸಿದ್ದಲ್ಲ. ಅರಸರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಹಿಂದೆ ಒಮ್ಮೆ, ಮನೆಮನೆಯಲ್ಲೂ ಬೀಸುಕಲ್ಲು ತಿರುಗುತ್ತಿದ್ದ ಕಾಲದಲ್ಲಿ, ಸುಂಕವ್ವ ಎಂಬಾಕೆ ವರ್ಷಕ್ಕೊಮ್ಮೆ ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಇಲ್ಲಿಗೆ ಬರುತ್ತಿದ್ದಳಂತೆ. ಸವೆದು ನುಣುಪಾದ ಬೀಸುಕಲ್ಲಿಗೆ ಉಳಿ ಹೊಡೆದು ಮತ್ತೆ ಒರಟು ಮಾಡುವುದು ಅವಳ ಕಸುಬು. ಊರೂರು ತಿರುಗುವ ಆ ಜನಕ್ಕೆ ಊರ ಬಾವಿ ಸಲ್ಲುತ್ತಿರಲಿಲ್ಲ. ದೊಣೆಯ ನೀರೇ ಗತಿ. ಒಂದು ವರ್ಷ ಅವಳ ಬಸುರಿ ಮಗಳು ಮಾರೆವ್ವ ಕೊಡ ಹೊತ್ತು ಇಳಿಯುವಾಗ ಆ ನುಣ್ಣನೆಯ ಬಂಡೆಯಲ್ಲಿ ಜಾರಿಬಿದ್ದು ಮಗುವನ್ನು ಕಳೆದುಕೊಂಡಿದ್ದಳು. ಮರುವರ್ಷ ಬಂದಾಗ ಮತ್ತೆ ಬಸುರಿ. ಸುಂಕವ್ವ ಬಂದವಳೇ, ಕಾಲು ಜಾರದಂತೆ ಒರಟು ಮಾಡಲು ಬಂಡೆಗೆ ಉಳಿಯಿಟ್ಟಳು. ಊರಿನ ವಿರುಪನಗೌಡ ಓಡಿಬಂದು ತಡೆದ.

"ದೇವರ ಗುಡ್ಡ ಐತಿ. ಇನ್ನೊಂದು ಪೆಟ್ಟು ಬಿದ್ರ ನೀ ಊರಾಗ ಕಾಲಿಡಂಗಿಲ್ಲ."

"ಆತ್ರೀ ಗೌಡ್ರ, ಇಡಂಗಿಲ್ಲ," ಎಂದು ಸುಂಕವ್ವ ಉಳಿಗಳನ್ನು ಗಂಟು ಕಟ್ಟಿ, ಗುಡ್ಡದ ಬುಡದಲ್ಲೇ ಗುಡಿಸಲು ಹಾಕಿ ಸುಮ್ಮನೆ ಕೂತಳು.

ಗೆದ್ದೆನೆಂದು ಗೌಡ ಮೀಸೆ ತಿರುವಿದ. ಆದರೆ ಕಲ್ಲು ಹೊಡೆಯುವವರಲ್ಲಿ ಒಂದು ಕಟ್ಟುಪಾಡಿತ್ತು: ಒಬ್ಬರ ಪಾಲಿನ ಊರಿನ ಕಲ್ಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಗೌಡ ಎಲ್ಲೆಲ್ಲಿಗೆ ಆಳು ಕಳಿಸಿದರೂ ಕಲ್ಲು ಹೊಡೆಯುವವರೆಲ್ಲ, ಅದು ಸುಂಕವ್ವನ ಊರು ಎಂದು ಕೈಮುಗಿದು ಜಾರಿಕೊಂಡರು. ಇತ್ತ ಬೀಸುಕಲ್ಲುಗಳು ಸವೆದು ಕನ್ನಡಿಯಾದವು. ಜೋಳ ಹಿಟ್ಟಾಗದೆ ನುಚ್ಚಾಯಿತು, ರೊಟ್ಟಿ ಬಡಿಯುವಾಗಲೇ ಹರಿಯಿತು. ಗೌಡನ ಮನೆಯಲ್ಲೂ ಹೊತ್ತುಹೊತ್ತಿಗೆ ನುಚ್ಚೇ. ಬೀಸಿ ಬೀಸಿ ತೋಳು ಸೋತ ಹೆಂಗಸರು ಅವನಿಗೆ ಹಿಡಿಶಾಪ ಹಾಕತೊಡಗಿದರು. ಕೊನೆಗೆ ಒಂದು ಬೆಳಿಗ್ಗೆ ಗೌಡನ ತಾಯಿ ಬಸಲಿಂಗವ್ವನೇ ಅವರನ್ನೆಲ್ಲ ಕಟ್ಟಿಕೊಂಡು ಗುಡಿಸಲಿಗೆ ಬಂದಳು. ಹಿಂದೆ ಗೌಡ, ತಲೆ ತಗ್ಗಿಸಿಕೊಂಡು.

"ಹೊಡಿಯವ್ವ," ಎಂದಳು ಮುದುಕಿ. "ಗುಡ್ಡ ದೇವರದು ಅಂದ್ರ ನಿನ್ನ ಮಗಳೂ ದೇವರಾಕೀನ. ಆ ದೇವರು ಕೇಳಿದ್ರ ನಾ ಹೇಳ್ತೀನಿ."

"ಮೊದ್ಲ ಈ ಬಂಡೆ ಮುಗೀಲಿ. ಆಮ್ಯಾಲ ನಿಮ್ಮ ಕಲ್ಲು," ಎಂದಳು ಸುಂಕವ್ವ.

ಬಂಡೆ ಮುಗಿದ ದಿನ ಊರೇ ನೆರೆಯಿತು. ತುಂಬು ಬಸುರಿ ಮಾರೆವ್ವ ತುಂಬಿದ ಕೊಡ ಹೊತ್ತು, ಎರಡೂ ಕೈ ಬೀಸಿಕೊಂಡು ಇಳಿದಳು. ಸುಂಕವ್ವ ಎಲ್ಲರೆದುರೇ ಅತ್ತಳು, ಆಮೇಲೆ ಜೋರಾಗಿ ನಕ್ಕಳು. ಊರು ಅವಳನ್ನು ಅಂದಿನಿಂದ ಉಳಿಯವ್ವ ಎಂದೇ ಕರೆಯಿತು.

ಈಗಲೂ ಅಲ್ಲಿಗೆ ಹೋದವರು ಚಪ್ಪಲಿ ಬಿಟ್ಟು ಹತ್ತುತ್ತಾರೆ. ಮಳೆ ಬಂದು ಬಂಡೆ ತೊಯ್ದಾಗಲೂ ಹೆಂಗಸರು ದೊಣೆಯ ನೀರು ತರುತ್ತಾರೆ, ಮಾತಾಡುತ್ತಾ, ನಗುತ್ತಾ. ಇಳಿಯುವಾಗ ಒಬ್ಬರೂ ಕಾಲ ಕಡೆ ನೋಡುವುದಿಲ್ಲ.