ಬಾಗಿಲು ಹಾಕಿಕೊಂಡ ತಮ್ಮ

ತಣ್ಣನೆಯ ಕೋಣೆಯೊಂದರಲ್ಲಿ ಐದು ಕಂಪ್ಯೂಟರುಗಳು ಅಣ್ಣತಮ್ಮಂದಿರಂತೆ ಒಟ್ಟಿಗೆ ದುಡಿಯುತ್ತಿದ್ದವು. ಗಳಿಗೆಗೊಮ್ಮೆ ಒಬ್ಬರನ್ನೊಬ್ಬರು "ಇದ್ದೀಯೇನಪ್ಪಾ?" ಎಂದು ಕೇಳಬೇಕು, "ಇದ್ದೇನೆ" ಎನ್ನಬೇಕು, ಅದು ಅಲ್ಲಿನ ಪದ್ಧತಿ. ಒಮ್ಮೆ ದೊಡ್ಡಣ್ಣನ ಉತ್ತರ ತುಸು ತಡವಾಯಿತು ನೋಡಿ, ಕಿರಿಯವನು ಅಣ್ಣನನ್ನು ಏನೋ ನುಂಗಿತೆಂದೇ ತಿಳಿದ. "ಅಣ್ಣನನ್ನು ನುಂಗಿದ್ದು ನನ್ನನ್ನು ಬಿಟ್ಟೀತೇ?" ಎಂದು ಹೆದರಿ, ಅವನ ಮಾತು ಬರುವ ಪೋರ್ಟಿನ ಬಾಗಿಲು ಹಾಕಿಕೊಂಡ. ಆಮೇಲೆ ಅಣ್ಣನ ದನಿ ಕೇಳಲೇ ಇಲ್ಲ. ಹೆದರಿಕೆ ಇಮ್ಮಡಿಯಾಗಿ ಉಳಿದ ಪೋರ್ಟುಗಳನ್ನೂ ಮುಚ್ಚಿದ. ಈಗ ಯಾರ ದನಿಯೂ ಇಲ್ಲ.

"ಎಲ್ಲರೂ ಸತ್ತರು, ಇನ್ನು ನನ್ನ ಸರದಿ" ಎಂದು ಗೋಳಿಟ್ಟ.

ಗೋಡೆಯ ಮೇಲಿದ್ದ ಹಲ್ಲಿ ಕೇಳಿತು: "ಸತ್ತವರು ಯಾರಯ್ಯಾ? ನಾಲ್ವರೂ ಕೆಲಸದಲ್ಲಿದ್ದಾರೆ. ನಿನ್ನನ್ನು ಕೂಗಿ ಕೂಗಿ ಸಾಕಾಗಿ, ಈಗಷ್ಟೇ ನಿನಗೆ ಎಳ್ಳುನೀರು ಬಿಟ್ಟರು."